ಹುಸಿ ಸಾಕ್ಷ್ಯದ ಮುಂದೆ ಕುಳಿತವರು

"ಇದು ನಿಜವಾಗಿ ನಡೆದದ್ದೇ?" 2013ರ ನವೆಂಬರ್ ತಿಂಗಳ ಕೊನೆಯಲ್ಲಿ '6-5=2' ಎಂಬ ವಿಚಿತ್ರ ಹೆಸರಿನ ಕನ್ನಡ ಚಿತ್ರ ತೆರೆಕಂಡಾಗ, ನೋಡಿ ಹೊರಬಂದವರು ಪರಸ್ಪರ ಕೇಳಿಕೊಂಡ ಪ್ರಶ್ನೆ ಇದು. ಪಶ್ಚಿಮ ಘಟ್ಟದ ಕಾಡಿಗೆ ಚಾರಣ ಹೋದ ಗೆಳೆಯರ ಗುಂಪು. ಅವರ ಕೈಯಲ್ಲೊಂದು ಕ್ಯಾಮರಾ. ಆ ಕ್ಯಾಮರಾದಲ್ಲಿ ಉಳಿದುಹೋದ ದೃಶ್ಯಗಳನ್ನೇ ನಿಮ್ಮ ಮುಂದಿಡುತ್ತಿದ್ದೇವೆ ಎಂಬ ಪ್ರಚಾರ. ಕೆ.ಎಸ್. ಅಶೋಕ ಅವರ ನಿರ್ದೇಶನದ ಆ ಚಿತ್ರದಲ್ಲಿ ಹೆಸರಾಂತ ನಾಯಕನಿರಲಿಲ್ಲ, ಹಾಡು ಕುಣಿತಗಳಿರಲಿಲ್ಲ. ಕ್ಯಾಮರಾ ಅಲುಗಾಡುತ್ತಿತ್ತು, ಓಡುತ್ತಿತ್ತು, ಕೆಲವೊಮ್ಮೆ ಕತ್ತಲನ್ನಷ್ಟೇ ತೋರಿಸುತ್ತಿತ್ತು. ನಮ್ಮ ಜನ ಅದನ್ನು ಮುಗಿಬಿದ್ದು ನೋಡಿದರು. ನಿಜವೆಂದು ನಂಬಿದವರು ಒಂದು ಕಡೆ, ಎಲ್ಲವೂ ಕಟ್ಟುಕತೆ ಎಂದು ನಕ್ಕವರು ಇನ್ನೊಂದು ಕಡೆ. ಎರಡೂ ಕಡೆಯವರು ಟಿಕೇಟು ಕೊಂಡವರೇ ಆದ್ದರಿಂದ ಚಿತ್ರದವರಿಗೆ ನಷ್ಟವಿರಲಿಲ್ಲ.

ಕನ್ನಡದಲ್ಲಿ ಇಂಥ ಚಿತ್ರಗಳ ಕುರಿತು ಮಾತನಾಡಲು ಹೊರಟರೆ ನಮ್ಮ ಭಾಷೆಯೇ ಒಂದು ಎಚ್ಚರಿಕೆ ಕೊಡುತ್ತದೆ. ವಾಸ್ತವವನ್ನು ದಾಖಲಿಸುವ ಚಿತ್ರವನ್ನು ನಾವು ಸಾಕ್ಷ್ಯಚಿತ್ರ ಎನ್ನುತ್ತೇವೆ. ನ್ಯಾಯಾಲಯದ ಕಟಕಟೆಯಿಂದ ಬಂದ ಪದ ಅದು. ನಮ್ಮ ಹಿರಿಯರು ಚಿತ್ರಮಂದಿರದಲ್ಲಿ ಕುಳಿತು ಕತೆ ಆರಂಭವಾಗುವ ಮೊದಲು ಫಿಲ್ಮ್ಸ್ ಡಿವಿಷನ್‌ನವರ ಕಿರುಚಿತ್ರಗಳನ್ನು ಕಡ್ಡಾಯವಾಗಿ ನೋಡುತ್ತಿದ್ದರು. ಅಣೆಕಟ್ಟು, ಪ್ರವಾಹ ಪರಿಹಾರ, ಲಸಿಕೆಯ ಪ್ರಚಾರ ಇವೆಲ್ಲ ಆಕಳಿಕೆ ತರಿಸುತ್ತಿದ್ದವು. ಆದರೆ ಆ ಗಂಭೀರ ಕಂಠ ಸುಳ್ಳು ಹೇಳುತ್ತಿದೆ ಎಂದು ಯಾರಿಗೂ ಅನ್ನಿಸಿರಲಿಲ್ಲ. ಹುಸಿ ಸಾಕ್ಷ್ಯಚಿತ್ರ ಕದಿಯುವುದು ಇದೇ ನಂಬಿಕೆಯನ್ನು. ತೆರೆಯ ಕೆಳಗೆ ಮೂಡುವ ತಾರೀಖು, ಕುರ್ಚಿಯಲ್ಲಿ ಕುಳಿತು ಮಾತನಾಡುವ ನಿವೃತ್ತ ಅಧಿಕಾರಿ, ಮಸುಕಾದ ಪಟ, ಮಧ್ಯೆ ಕಡಿದುಹೋಗುವ ಧ್ವನಿ — ಇವಿಷ್ಟಿದ್ದರೆ ನಮ್ಮ ಮನಸ್ಸು ಕತೆ ಕೇಳುವ ಭಂಗಿಯನ್ನು ಬಿಟ್ಟು ಸಾಕ್ಷಿ ಕೇಳುವ ಭಂಗಿಗೆ ತಾನಾಗಿ ಹೊರಳುತ್ತದೆ.

ಈ ತಂತ್ರ ನಮ್ಮವರು ಕಂಡುಹಿಡಿದದ್ದಲ್ಲ. 1980ರಲ್ಲಿ ಇಟಲಿಯ ರುಜೆರೊ ದೆಯೋದಾತೊ 'ಕ್ಯಾನಿಬಲ್ ಹೋಲೋಕಾಸ್ಟ್' ಎಂಬ ಚಿತ್ರ ಮಾಡಿದ. ಅಮೆಜಾನ್ ಕಾಡಿನಲ್ಲಿ ಕಾಣೆಯಾದ ಚಿತ್ರತಂಡದ ಫಿಲ್ಮ್ ಸುರುಳಿಗಳು ಸಿಕ್ಕವು ಎಂಬುದು ಅದರ ಕತೆ. ನಟರು ನಿಜವಾಗಿಯೇ ಸತ್ತರೆಂಬ ಶಂಕೆ ಎದ್ದು, ನಿರ್ದೇಶಕ ಅವರನ್ನು ಜೀವಂತವಾಗಿ ಅಧಿಕಾರಿಗಳ ಮುಂದೆ ತೋರಿಸಬೇಕಾಯಿತು. ನಟರು ಸತ್ತಿರಲಿಲ್ಲ, ಸರಿ. ಆದರೆ ಆ ಚಿತ್ರಕ್ಕಾಗಿ ಕೊಂದ ಪ್ರಾಣಿಗಳು ನಿಜವಾಗಿ ಸತ್ತಿದ್ದವು. 1999ರಲ್ಲಿ ಅಮೆರಿಕದ 'ದಿ ಬ್ಲೇರ್ ವಿಚ್ ಪ್ರಾಜೆಕ್ಟ್' ಬಂದಾಗ ನಟರ ನಿಜ ಹೆಸರುಗಳನ್ನೇ ಪಾತ್ರಗಳಿಗಿಟ್ಟು, 'ಕಾಣೆಯಾಗಿದ್ದಾರೆ' ಎಂಬ ಭಿತ್ತಿಪತ್ರಗಳನ್ನು ಹಂಚಿದರು. ನಾಯಕಿಯಾಗಿ ನಟಿಸಿದ ಹುಡುಗಿಯ ತಾಯಿಗೆ ಸಂತಾಪದ ಕಾರ್ಡುಗಳು ಬಂದವಂತೆ. ಮಗಳು ಬದುಕಿರುವಾಗಲೇ ಅವಳ ಸಾವಿಗೆ ಸಂತಾಪ ಓದಬೇಕಾದ ಆ ತಾಯಿಯನ್ನು ಪ್ರಚಾರದ ಲೆಕ್ಕ ಹಾಕಿದವರು ಯಾರೂ ನೆನೆದಿರಲಾರರು.

ಆದರೆ ಅವು ಕಾಡಿನ ಕತೆಗಳು, ಮಾಟಗಾತಿಯ ಕತೆಗಳು. ಸರಣಿ ಹಂತಕನೊಬ್ಬನನ್ನು ಕುರಿತು ಹುಸಿ ಸಾಕ್ಷ್ಯಚಿತ್ರ ಮಾಡಿದಾಗ ವಿಷಯ ಬೇರೆಯಾಗುತ್ತದೆ. ಮಾಟಗಾತಿಯನ್ನು ಯಾರೂ ಕಂಡಿಲ್ಲ. ಹಂತಕರು ನಮ್ಮ ಬೀದಿಗಳಲ್ಲಿ ನಡೆದಾಡಿದ್ದಾರೆ. ಈ ಬಗೆಯ ಚಿತ್ರಗಳಲ್ಲಿ ಹೆಚ್ಚು ಚರ್ಚೆಗೆ ಬಂದದ್ದು ಜಾನ್ ಎರಿಕ್ ಡೌಡಲ್ ನಿರ್ದೇಶಿಸಿದ 'ದಿ ಪೊಕಿಪ್ಸಿ ಟೇಪ್ಸ್'. 2007ರಲ್ಲಿ ನ್ಯೂಯಾರ್ಕಿನ ಟ್ರೈಬೆಕಾ ಚಿತ್ರೋತ್ಸವದಲ್ಲಿ ಪ್ರದರ್ಶನವಾಯಿತು. 2008ರ ಆರಂಭದಲ್ಲಿ ಬಿಡುಗಡೆಯಾಗಬೇಕಿದ್ದ ಚಿತ್ರವನ್ನು ವಿತರಕರು ತಡೆಹಿಡಿದರು. ಡಿಸ್ಕ್ ರೂಪದಲ್ಲಿ ಸಿಕ್ಕಿದ್ದು 2017ರಲ್ಲಿ. ಹೀಗೆ ವರ್ಷಾನುಗಟ್ಟಲೆ ಕಣ್ಣಿಗೆ ಬೀಳದೆ ಇದ್ದುದೇ ಅದಕ್ಕೆ ದೊಡ್ಡ ಜಾಹೀರಾತಾಯಿತು. ಬಚ್ಚಿಟ್ಟಿದ್ದಾರೆಂದರೆ ನಿಜವೇ ಇರಬೇಕು ಎಂಬ ತರ್ಕಕ್ಕೆ ದೇಶಭಾಷೆಗಳ ಗಡಿಯಿಲ್ಲ!

ಚಿತ್ರದ ಹಂದರ ಸರಳ. ಪೊಕಿಪ್ಸಿ ಎಂಬ ಊರಿನ ಮನೆಯೊಂದರಲ್ಲಿ ಪೊಲೀಸರಿಗೆ 800ಕ್ಕೂ ಹೆಚ್ಚು ವಿಡಿಯೋ ಟೇಪುಗಳು ಸಿಗುತ್ತವೆ. ತಾನು ಮಾಡಿದ ಕೊಲೆಗಳನ್ನು ಹಂತಕನೇ ಚಿತ್ರಿಸಿಕೊಂಡಿದ್ದಾನೆ. ತನಿಖಾಧಿಕಾರಿಗಳು, ಮನಶ್ಶಾಸ್ತ್ರಜ್ಞರು, ಮೃತರ ಬಂಧುಗಳು ಒಬ್ಬೊಬ್ಬರಾಗಿ ಬಂದು ಮಾತನಾಡುತ್ತಾರೆ. ನಡುನಡುವೆ ಆ ಟೇಪುಗಳ ತುಣುಕುಗಳು. ಎಲ್ಲರೂ ನಟರು, ಎಲ್ಲವೂ ಕಲ್ಪಿತ. ಆದರೆ ಪೊಕಿಪ್ಸಿ ಕಲ್ಪಿತ ಊರಲ್ಲ. 1998ರಲ್ಲಿ ಅದೇ ಊರಿನ ಒಂದು ಮನೆಯಲ್ಲಿ ಎಂಟು ಮಹಿಳೆಯರ ಶವಗಳು ಸಿಕ್ಕಿದ್ದವು. ಅಲ್ಲಿ ವಾಸವಿದ್ದವನು ಕೊಲೆಗಳನ್ನು ಒಪ್ಪಿಕೊಂಡ. ಅವನ ಕತೆಗೂ ಚಿತ್ರದ ಕತೆಗೂ ಹೋಲಿಕೆ ತೀರಾ ಕಡಿಮೆ. ಹೆಸರು ಮಾತ್ರ ನಿಜದ ಕಡೆಗೆ ಬೆರಳು ತೋರಿಸುತ್ತದೆ. ಆ ಎಂಟು ಮನೆಗಳವರಿಗೆ ಈ ಚಿತ್ರದ ಶೀರ್ಷಿಕೆ ಹೇಗೆ ಕೇಳಿಸಿರಬಹುದು?

ಈ ಚಿತ್ರವನ್ನು ನೋಡಿದವರು ಮೂರು ಬಗೆಯಲ್ಲಿ ಮಾತನಾಡುತ್ತಾರೆ. ಮೊದಲನೆಯವರು ನಿಜವೆಂದು ನಂಬಿ ನಿದ್ದೆಗೆಟ್ಟವರು. ಎರಡನೆಯವರು ಸಂದರ್ಶನಗಳಲ್ಲಿ ನಟನೆ ಕೃತಕವಾಗಿದೆ, ಆದ್ದರಿಂದ ಭಯವಾಗಲಿಲ್ಲ ಎಂದು ದೂರುವವರು. ಮೂರನೆಯವರು ಎಂಥ ದೃಶ್ಯವನ್ನಾದರೂ ಕಣ್ಣು ಮಿಟುಕಿಸದೆ ನೋಡಿದೆನೆಂದು ಬೀಗುವವರು. ಇವರು ಬಹುತೇಕ ಹದಿಹರೆಯದವರು. ಖಾರದ ಮೆಣಸಿನಕಾಯಿ ತಿನ್ನುವ ಪಂದ್ಯದ ಹಾಗೆ ಇದೂ ಒಂದು ಪಂದ್ಯ. ನಮ್ಮ ಧರ್ಮಕೇಂದ್ರಗಳ ಯುವಜನರ ಮಾತುಕತೆಗೆ ಕಿವಿಗೊಟ್ಟವರಿಗೆ ಈ ಮೂರನೆಯ ಬಗೆ ಅಪರಿಚಿತವೇನಲ್ಲ.

ನನಗೆ ಇವರಲ್ಲಿ ಎರಡನೆಯವರ ದೂರೇ ಹೆಚ್ಚು ಕುತೂಹಲಕರವಾಗಿ ಕಂಡಿದೆ. ಸಂದರ್ಶನಗಳು ಕೃತಕವಾಗಿವೆ ಎಂಬುದು ನಿಜ. ಮಗಳನ್ನು ಕಳೆದುಕೊಂಡ ತಾಯಿ ಹೇಗೆ ಮಾತನಾಡುತ್ತಾಳೆ ಎಂಬುದನ್ನು ನಾವೆಲ್ಲ ಸಾವಿನ ಮನೆಗಳಲ್ಲಿ ಕಂಡಿದ್ದೇವೆ. ಅವಳು ಮಾತನ್ನು ಪೂರ್ತಿ ಮಾಡುವುದಿಲ್ಲ. ಸಂಬಂಧವಿಲ್ಲದ ಯಾವುದೋ ಸಣ್ಣ ವಿಷಯವನ್ನು, ಒಲೆಯ ಮೇಲಿಟ್ಟು ಮರೆತ ಅನ್ನವನ್ನೋ ಕೊಂಡು ತಂದು ಉಡದೆ ಉಳಿದ ಬಟ್ಟೆಯನ್ನೋ ಹಿಡಿದು ನಿಲ್ಲುತ್ತಾಳೆ. ಕೊಲೆಯನ್ನು ಕೈತಪ್ಪದೆ ಕಲ್ಪಿಸಬಲ್ಲ ನಿರ್ದೇಶಕನಿಗೆ ಆ ದುಃಖವನ್ನು ಕಲ್ಪಿಸಲು ಬರುವುದಿಲ್ಲ. ಹಿಂಸೆಯ ತುಣುಕುಗಳಲ್ಲಿ ಅವನ ಶ್ರಮವೆಲ್ಲ ಕಾಣುತ್ತದೆ; ಬಂಧುಗಳ ಸರದಿ ಬಂದಾಗ ಅವಸರ. ಒಂದು ಕಡೆ ಮಾತ್ರ ಚಿತ್ರ ತನ್ನ ಮಟ್ಟವನ್ನು ಮೀರುತ್ತದೆ. ವರ್ಷಗಟ್ಟಲೆ ಸೆರೆಯಲ್ಲಿದ್ದು ಬದುಕಿ ಬಂದ ಚೆರಿಲ್ ಎಂಬ ಯುವತಿ ಕೊನೆಯಲ್ಲಿ ಕ್ಯಾಮರಾದ ಮುಂದೆ ಕುಳಿತು, ತನ್ನನ್ನು ಹಾಳುಮಾಡಿದವನನ್ನೇ ಸಮರ್ಥಿಸುತ್ತಾಳೆ. ಅಲ್ಲಿ ರಕ್ತವಿಲ್ಲ, ಕಿರುಚಾಟವಿಲ್ಲ. ಒಬ್ಬ ಮನುಷ್ಯಳ ಒಳಗನ್ನು ಬರಿದು ಮಾಡಿದರೆ ಏನು ಉಳಿಯುತ್ತದೆ ಎಂಬುದು ಆ ಕೆಲವು ನಿಮಿಷಗಳಲ್ಲಿ ಕಾಣುತ್ತದೆ. ಬೀಗುವ ಹುಡುಗರು ಈ ಭಾಗವನ್ನು ಕುರಿತು ಹೆಚ್ಚು ಮಾತನಾಡುವುದಿಲ್ಲ. ಇದನ್ನು ತಾಳಿಕೊಂಡೆನೆಂದು ಹೇಳಿ ಯಾರೂ ಪಂದ್ಯ ಗೆಲ್ಲಲಾರರು.

ನಮ್ಮ ನಾಡಿನ ಕಡೆ ಬರೋಣ. ಪೊಕಿಪ್ಸಿಯಂತಹ ಹುಸಿ ಸಾಕ್ಷ್ಯಚಿತ್ರ ಕನ್ನಡದಲ್ಲಿ ಬರುವ ಮೊದಲೇ ನಮ್ಮ ಪ್ರೇಕ್ಷಕರ ಅಭಿರುಚಿ ಅದಕ್ಕೆ ಸಿದ್ಧವಾಗಿತ್ತು. ಈಟಿವಿ ಕನ್ನಡದಲ್ಲಿ ರವಿ ಬೆಳಗೆರೆಯವರು ನಡೆಸಿಕೊಡುತ್ತಿದ್ದ 'ಕ್ರೈಂ ಡೈರಿ'ಯನ್ನು ನೆನಪಿಸಿಕೊಳ್ಳಿ. ಅಪರಾಧ ಲೋಕದ ಕತೆಗಳನ್ನು ರಾತ್ರಿ ಊಟದ ನಂತರ ಕುಟುಂಬ ಸಮೇತ ಕೇಳುವ ರೂಢಿ ಅಂದಿನಿಂದ ಗಟ್ಟಿಯಾಯಿತು. 2012ರ ಜೂನ್ ಕೊನೆಯಲ್ಲಿ ಶ್ರೀನಿವಾಸ ರಾಜು ನಿರ್ದೇಶನದ 'ದಂಡುಪಾಳ್ಯ' ಬಂದಿತು. ಬೆಂಗಳೂರಿನ ಹೊರವಲಯದ ಒಂದು ಹಳ್ಳಿಯ ಹೆಸರು ಹೊತ್ತ ಕುಖ್ಯಾತ ಗುಂಪು ತೊಂಬತ್ತರ ದಶಕದ ಕೊನೆಯ ವರ್ಷಗಳಲ್ಲಿ ನಡೆಸಿದ ಕೊಲೆ ಸುಲಿಗೆಗಳನ್ನು ಆಧರಿಸಿದ ಚಿತ್ರ. ಪೂಜಾ ಗಾಂಧಿ, ಮಕರಂದ ದೇಶಪಾಂಡೆ, ರವಿಶಂಕರ್ ಅಭಿನಯಿಸಿದ ಈ ಚಿತ್ರವನ್ನು ಜನ ಕೇವಲ ಸಿನಿಮಾ ಎಂದು ನೋಡಲಿಲ್ಲ. ನಡೆದ ಘಟನೆಯ ದಾಖಲೆ ಎಂದೇ ನೋಡಿದರು. ನಟರ ಮುಖಕ್ಕೆ ಬಳಿದ ಮಸಿ, ಕೊಳಕು ಹಲ್ಲು, ಬೀಡಿಯ ಹೊಗೆ, ಪ್ರಾಣಿಗಳಂತೆ ಕೂಗುವ ಆ ರೀತಿ ಇವೆಲ್ಲವನ್ನೂ ಬಡವರ ಬದುಕಿನ ಗುರುತುಗಳೆಂಬಂತೆ ತೋರಿಸಿದ್ದು ಯಾರ ಕಣ್ಣಿಗೂ ಅಷ್ಟಾಗಿ ಚುಚ್ಚಲಿಲ್ಲ. ಚಿತ್ರದ ಒಂದು ದೃಶ್ಯದ ಬಗ್ಗೆ ದಲಿತ ಸಂಘಟನೆಗಳಿಂದ ಪ್ರತಿಭಟನೆ ನಡೆಯಿತು. ಪತ್ರಿಕೆಗಳು ಅದನ್ನು ನಟಿಯ ಉಡುಪಿನ ಗಲಾಟೆಯೆಂದು ಬರೆದು ಮುಗಿಸಿದವು.

ಸ್ವಾರಸ್ಯವಿರುವುದು ಮುಂದಿನ ಭಾಗದಲ್ಲಿ. 2017ರಲ್ಲಿ ಅದೇ ನಿರ್ದೇಶಕ, ಅದೇ ಪ್ರಮುಖ ನಟರನ್ನು ಇಟ್ಟುಕೊಂಡು, ಎರಡನೆಯ ಚಿತ್ರ ತೆಗೆದರು. ಇದರಲ್ಲಿ ಶ್ರುತಿ ಹರಿಹರನ್ ಅವರ ಪತ್ರಕರ್ತೆಯ ಪಾತ್ರ ಪ್ರಕರಣವನ್ನು ಮತ್ತೆ ಕೆದಕುತ್ತದೆ. ಈ ಜನರೇ ನಿಜವಾದ ಹಂತಕರೋ, ಅಥವಾ ಪೊಲೀಸರ ಚಿತ್ರಹಿಂಸೆಗೆ ಸಿಕ್ಕಿ ಎಲ್ಲವನ್ನೂ ಒಪ್ಪಿಕೊಂಡವರೋ ಎಂಬ ಅನುಮಾನವೇ ಕತೆಯ ಕೇಂದ್ರ. ಐದು ವರ್ಷಗಳ ಹಿಂದೆ ಯಾರನ್ನು ಮೃಗಗಳೆಂದು ನೋಡಿ ನಡುಗಿದೆವೋ ಅವರೇ ಈಗ ಲಾಠಿಯ ಕೆಳಗೆ ನರಳುತ್ತಿದ್ದರು. ಪ್ರೇಕ್ಷಕರು ಗೊಂದಲಗೊಂಡರು, ಹಾಗಾದರೆ ಯಾವುದು ನಿಜ ಎಂದು ಕೇಳಿದರು. ಕೇಳಬೇಕಾದ ಪ್ರಶ್ನೆಯೇ ಅದು. ಆದರೆ 2012ರಲ್ಲೇ ಅದನ್ನು ಕೇಳಿದ್ದರೆ ಚೆನ್ನಾಗಿತ್ತು. ಒಬ್ಬನೇ ನಿರ್ದೇಶಕ ಒಂದೇ ಘಟನೆಗೆ ಎರಡು ವಿರುದ್ಧ 'ಸತ್ಯ'ಗಳನ್ನು ಕೊಟ್ಟು, ಎರಡಕ್ಕೂ ನಮ್ಮಿಂದ ಹಣ ಪಡೆದನೆಂಬುದರಲ್ಲಿ ನನಗೆ ಕೋಪಕ್ಕಿಂತ ಪಾಠವೇ ಹೆಚ್ಚು ಕಂಡಿತು. ಆ ಹಳ್ಳಿಯ ಉಳಿದ ನಿವಾಸಿಗಳಿಗೆ ಮಾತ್ರ ಎರಡೂ ಚಿತ್ರಗಳಿಂದ ಒಂದೇ ಫಲ ದೊರೆಯಿತು. ತಮ್ಮ ಊರಿನ ಹೆಸರು ಹೇಳಿದರೆ ಸಾಕು, ಎದುರಿಗಿರುವವರ ಮುಖ ಬದಲಾಗುತ್ತದೆ.

ಆ ಗುಂಪಿನವರು ಮನೆಯ ಬಾಗಿಲಿಗೆ ಬಂದು ಕುಡಿಯಲು ನೀರು ಕೇಳುತ್ತಿದ್ದರೆಂಬ ವಿವರ ಚಿತ್ರದ ಮೂಲಕ ಮನೆಮನೆಗೆ ತಲುಪಿತು. ನೀರು ಕೇಳಿದವರಿಗೆ ಇಲ್ಲವೆನ್ನಬಾರದು ಎಂದು ನಮ್ಮ ಅಜ್ಜಿಯರು ಹೇಳಿಕೊಟ್ಟಿದ್ದರು. ಒಂದು ಲೋಟ ತಣ್ಣೀರು ಕೊಟ್ಟವನಿಗೂ ಪ್ರತಿಫಲ ತಪ್ಪದೆಂದು ಶುಭಸಂದೇಶದಲ್ಲಿ ಕೇಳಿ ಬೆಳೆದವರು ನಾವು. ಯಲಹಂಕದ ಉಪನಗರದಲ್ಲೂ ಹೆಬ್ಬಾಳ, ಆರ್.ಟಿ. ನಗರಗಳ ಬಡಾವಣೆಗಳಲ್ಲೂ ಇಂದು ಹಗಲು ಹೊತ್ತಿನಲ್ಲಿ ಒಂಟಿ ಗೃಹಿಣಿ ಗ್ರಿಲ್ ಬಾಗಿಲಿನ ಸಂದಿಯಿಂದಲೇ ಮಾತನಾಡಿ ಕಳುಹಿಸುತ್ತಾಳೆ. ಅವಳನ್ನು ದೂಷಿಸಲಾಗದು, ಭಯಕ್ಕೆ ಕಾರಣ ಇದ್ದೇ ಇದೆ. ಆದರೆ ಬಾಗಿಲು ಯಾರಿಗೆ ಮುಚ್ಚುತ್ತದೆ ಎಂಬುದನ್ನೂ ಗಮನಿಸಬೇಕು. ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದವನಿಗೆ ಇಂದಿಗೂ ತೆರೆಯುತ್ತದೆ. ಚಿತ್ರದ ಪಾತ್ರಗಳಂತೆ ಕಾಣುವವರಿಗೆ, ಅಂದರೆ ಚಿಂದಿ ಆಯುವವರಿಗೆ, ಕಟ್ಟಡ ಕೆಲಸಕ್ಕೆ ಬಂದ ಕೂಲಿಗಳಿಗೆ ಮುಚ್ಚುತ್ತದೆ.

ಅಂಗಿಯ ಮಾತು ಬಂದದ್ದರಿಂದ ಹೇಳುತ್ತೇನೆ. ಯಶವಂತಪುರ ದಾಟಿದರೆ ಪೀಣ್ಯ. ಕಾರ್ಖಾನೆಗಳ, ಗಾರ್ಮೆಂಟ್ಸ್ ಘಟಕಗಳ ಪ್ರದೇಶ. ನಮ್ಮ ಅನೇಕ ಕುಟುಂಬಗಳ ಅನ್ನದ ಮೂಲ. 1998ರ ಫೆಬ್ರವರಿ 28ರಂದು ಅಲ್ಲಿಯ ಒಂದು ಮನೆಯಲ್ಲಿ ವಿಧವೆಯೊಬ್ಬರ ಅತ್ಯಾಚಾರ ಮತ್ತು ಕೊಲೆ ನಡೆಯಿತು. ಕೊಂದವನು ಉಮೇಶ ರೆಡ್ಡಿ. ಚಿತ್ರದುರ್ಗ ಜಿಲ್ಲೆಯವನು, ಹಿಂದೆ ಕೇಂದ್ರ ಮೀಸಲು ಪೊಲೀಸ್ ಪಡೆಯಲ್ಲಿದ್ದು, ನಂತರ ಜಿಲ್ಲಾ ಸಶಸ್ತ್ರ ಮೀಸಲು ಪಡೆಗೆ ಸೇರಿದ್ದವನು. ಖಾಕಿ ತೊಟ್ಟಿದ್ದವನು. ಸಂಜೆ ಆಟ ಮುಗಿಸಿ ಮನೆಗೆ ಬಂದ ಆ ತಾಯಿಯ ಏಳು ವರ್ಷದ ಮಗನಿಗೆ ಅವನು ಎದುರಾದ. "ನಿನ್ನ ತಾಯಿಗೆ ದೆವ್ವ ಹಿಡಿದಿದೆ, ಅದಕ್ಕೇ ಕಟ್ಟಿಹಾಕಿದ್ದೇನೆ, ವೈದ್ಯರನ್ನು ಕರೆತರುತ್ತೇನೆ" ಎಂಬರ್ಥದ ಮಾತು ಹೇಳಿ ಹೊರಟುಹೋದ. ಒಳಗೆ ಹೋದ ಮಗು ತಾಯಿಯನ್ನು ಕಂಡು ನೆರೆಯವರ ಬಳಿಗೆ ಓಡಿತು.

ಭೂತದ ಕತೆಯನ್ನು ಇಲ್ಲಿ ಬಳಸಿದವನು ಕೊಲೆಗಾರ ಎಂಬುದನ್ನು ಗಮನಿಸಬೇಕು. ಮಗುವಿನ ಕಣ್ಣೆದುರಿನ ಸತ್ಯವನ್ನು ಮರೆಮಾಡಲು ಅವನಿಗೆ ಸಿಕ್ಕ ಉಪಾಯ ಒಂದು ಹಾರರ್ ಕತೆ. ಭಯಾನಕ ಚಿತ್ರಗಳ ಕುರಿತು ಇಷ್ಟು ವರ್ಷಗಳಲ್ಲಿ ನಾನು ಓದಿದ ವಿಮರ್ಶೆಗಳೆಲ್ಲ ಸೇರಿದರೂ ನನಗೆ ಈ ಒಂದು ವಿವರದಷ್ಟು ಕಲಿಸಿಲ್ಲ.

ಈ ಹಂತಕನನ್ನು ಕುರಿತು 2022ರ ಡಿಸೆಂಬರ್ 16ರಂದು ನೆಟ್‌ಫ್ಲಿಕ್ಸ್‌ನಲ್ಲಿ 'ಬೀಸ್ಟ್ ಆಫ್ ಬ್ಯಾಂಗಲೋರ್' ಎಂಬ ಮೂರು ಕಂತುಗಳ ಸರಣಿ ಬಂದಿತು. ಇದು ಹುಸಿಯಲ್ಲ, ನಿಜವಾದ ಸಾಕ್ಷ್ಯಚಿತ್ರ. ಆದರೂ ಇದನ್ನೂ ಪೊಕಿಪ್ಸಿಯ ಚಿತ್ರವನ್ನೂ ಒಂದರ ನಂತರ ಒಂದು ನೋಡಿದವರಿಗೆ ವ್ಯತ್ಯಾಸ ಎಲ್ಲಿದೆ ಎಂದು ಹುಡುಕಬೇಕಾಗುತ್ತದೆ. ಇಲ್ಲಿಯೂ ಕುರ್ಚಿಯಲ್ಲಿ ಕುಳಿತ ಪೊಲೀಸ್ ಅಧಿಕಾರಿಗಳು, ಪತ್ರಕರ್ತರು. ನಡುನಡುವೆ ನಟರಿಂದ ಮಾಡಿಸಿದ ಮರುಸೃಷ್ಟಿಯ ದೃಶ್ಯಗಳು, ಕತ್ತಲು, ನೆರಳು, ನಡುಗಿಸುವ ಸಂಗೀತ. ಸುಳ್ಳು ಚಿತ್ರ ನಿಜದ ಅಂಗಿ ತೊಟ್ಟರೆ, ನಿಜದ ಚಿತ್ರ ಸುಳ್ಳಿನ ಅಂಗಿ ತೊಟ್ಟಿದೆ. ಅಧಿಕಾರಿಗಳ ನೇರ ಮಾತು ಕೇಳುವಾಗ ಸಿಗುವ ತೂಕ ಮರುಸೃಷ್ಟಿಯ ದೃಶ್ಯ ಬಂದೊಡನೆ ಕರಗಿಹೋಗುತ್ತದೆ. ಇನ್ನು ಶೀರ್ಷಿಕೆಯ 'ಬೀಸ್ಟ್' ಎಂಬ ಪದ. ಮೃಗವೆಂದು ಕರೆದುಬಿಟ್ಟರೆ, ಇಂಥವನು ಸಮವಸ್ತ್ರದ ಒಳಗೆ ಹೇಗೆ ಸೇರಿಕೊಂಡ, ಪೊಲೀಸರ ಕೈಯಿಂದ ಮತ್ತೆ ಮತ್ತೆ ಹೇಗೆ ತಪ್ಪಿಸಿಕೊಂಡ ಎಂದು ಕೇಳುವ ಅಗತ್ಯವೇ ಉಳಿಯುವುದಿಲ್ಲ. ಮೃಗವಲ್ಲವೇ, ಬೋನು ಮುರಿದು ಓಡಿತು!

ಆ ಸರಣಿ ಬರುವುದಕ್ಕೆ ಆರು ವಾರಗಳ ಮೊದಲು, 2022ರ ನವೆಂಬರ್ 4ರಂದು, ಸುಪ್ರೀಂ ಕೋರ್ಟ್ ಉಮೇಶ ರೆಡ್ಡಿಯ ಮರಣದಂಡನೆಯನ್ನು ಕನಿಷ್ಠ 30 ವರ್ಷಗಳ ಸೆರೆವಾಸಕ್ಕೆ ಇಳಿಸಿತು. 2006ರಿಂದ ಸುಮಾರು ಹತ್ತು ವರ್ಷ ಬೆಳಗಾವಿಯ ಜೈಲಿನಲ್ಲಿ ಅವನನ್ನು ಏಕಾಂತ ಕೊಠಡಿಯಲ್ಲಿ ಇರಿಸಿದ್ದು ಕಾನೂನಿಗೆ ವಿರುದ್ಧವಾಗಿತ್ತೆಂಬುದು ಅದಕ್ಕೆ ಕಾರಣ. ಆ ತೀರ್ಪನ್ನು ಓದಿ ಸಿಟ್ಟಾದವರು ನಮ್ಮಲ್ಲೂ ಇದ್ದಾರೆ. ಸಿಟ್ಟು ಅರ್ಥವಾಗುವಂಥದೇ. ಆದರೆ ಮೃಗವೆಂದು ಕರೆದ ಚಿತ್ರ ನಮ್ಮ ಮನೆಯೊಳಗೆ ಹರಡಿದ ಭಾವನೆಗೂ, ಅವನನ್ನು ಕಾನೂನಿನ ಕಣ್ಣಲ್ಲಿ ಮನುಷ್ಯನೆಂದೇ ಎಣಿಸಿದ ನ್ಯಾಯಾಲಯದ ಮಾತಿಗೂ ನಡುವಿನ ಅಂತರವನ್ನು ಯಾವ ಪ್ರೇಕ್ಷಕನೂ ಸುಲಭವಾಗಿ ದಾಟಲಾರ. ಮರಣದಂಡನೆಯ ಕುರಿತು ಧರ್ಮಸಭೆಯ ನಿಲುವನ್ನು ಬಲ್ಲವರಿಗೂ ಅದು ಕಷ್ಟವೇ.

1989ರಲ್ಲಿ ವ್ಯಾಟಿಕನ್ನಿನ ಸಮೂಹ ಸಂಪರ್ಕ ಮಾಧ್ಯಮಗಳ ಪರಿಷತ್ತು ಮಾಧ್ಯಮಗಳಲ್ಲಿನ ಅಶ್ಲೀಲತೆ ಮತ್ತು ಹಿಂಸೆಯ ಬಗ್ಗೆ ಒಂದು ದಾಖಲೆ ಹೊರಡಿಸಿತು. ಕಲ್ಪನೆಗೂ ವಾಸ್ತವಕ್ಕೂ ಭೇದ ತಿಳಿಯದ ಮಕ್ಕಳಿಗೆ ಹಿಂಸೆಯ ದೃಶ್ಯಗಳು ಗೊಂದಲ ತರುತ್ತವೆ ಎಂಬ ಎಚ್ಚರಿಕೆ ಅದರಲ್ಲಿದೆ. ಹುಸಿ ಸಾಕ್ಷ್ಯಚಿತ್ರ ಬಂದ ಮೇಲೆ ಈ ಮಾತನ್ನು ದೊಡ್ಡವರಿಗೂ ವಿಸ್ತರಿಸಬೇಕಾಗಿದೆ. ಆ ಭೇದವನ್ನು ದೊಡ್ಡವರಿಂದಲೂ ಕಸಿದುಕೊಳ್ಳುವುದೇ ಅದರ ಕೆಲಸ. ಹಿಂದೆ ಇಂಥ ಚಿತ್ರ ನೋಡಬೇಕಾದರೆ ಯಶವಂತಪುರದ ಗೋವರ್ಧನಕ್ಕೋ ಆರ್.ಟಿ. ನಗರದ ರಾಧಾಕೃಷ್ಣಕ್ಕೋ ಹೋಗಿ ಸಾಲಿನಲ್ಲಿ ನಿಲ್ಲಬೇಕಿತ್ತು. ವಯಸ್ಸು ಚಿಕ್ಕದಾಗಿ ಕಂಡರೆ ಬಾಗಿಲಲ್ಲಿ ತಡೆಯುವವನಿದ್ದ. ಈಗ ಮಗನ ಕೈಯಲ್ಲಿರುವ ಫೋನಿನ ಬಾಗಿಲಲ್ಲಿ ಯಾರೂ ನಿಂತಿಲ್ಲ. ಕಸಿದುಕೊಂಡು ಬೀಗ ಹಾಕುವುದರಿಂದ ಪ್ರಯೋಜನವಿಲ್ಲವೆಂದು ಹದಿಹರೆಯದವರ ತಂದೆತಾಯಿಯರಿಗೆ ನಾನು ಹೇಳಬೇಕಾದ್ದಿಲ್ಲ. ಜೊತೆಗೆ ಕುಳಿತು, ಇದನ್ನು ನಿನಗೆ ಯಾರ ಕಣ್ಣಿನಿಂದ ತೋರಿಸುತ್ತಿದ್ದಾರೆ ಎಂದು ಕೇಳಬಹುದು. ಪೊಕಿಪ್ಸಿಯ ಚಿತ್ರದಲ್ಲಿ ಬಹುಪಾಲು ಕಾಲ ನಾವು ಹಂತಕನ ಕ್ಯಾಮರಾದ ಹಿಂದೆ ಇರುತ್ತೇವೆ. ಹುಡುಗರು ಇದನ್ನು ಗುರುತಿಸಬಲ್ಲರು. ಕೇಳಿದರೆ ನಮಗಿಂತ ಬೇಗ ಗುರುತಿಸುತ್ತಾರೆ.

ಪೀಣ್ಯದ ಆ ಮನೆಯಲ್ಲಿ ಕ್ಯಾಮರಾ ಇರಲಿಲ್ಲ, ಟೇಪು ಇರಲಿಲ್ಲ. ಇದ್ದದ್ದು ಏಳು ವರ್ಷದ ಆ ಹುಡುಗ. ಮನೆಯಿಂದ ಹೊರಟುಹೋದ ಮನುಷ್ಯನ ಮುಖವನ್ನು ಅವನು ನೆನಪಿಟ್ಟುಕೊಂಡಿದ್ದ. ಮುಂದೆ ಅವನನ್ನು ಗುರುತಿಸಿದ. 2006ರಲ್ಲಿ ಬೆಂಗಳೂರಿನ ತ್ವರಿತ ನ್ಯಾಯಾಲಯ ತೀರ್ಪು ಕೊಟ್ಟಿತು. ಹೈಕೋರ್ಟಿನಲ್ಲಿ ಇಬ್ಬರು ನ್ಯಾಯಮೂರ್ತಿಗಳಿಗೆ ಶಿಕ್ಷೆಯ ವಿಷಯದಲ್ಲಿ ಒಮ್ಮತ ಬರದೆ ಪ್ರಕರಣ ಮೂರನೆಯ ನ್ಯಾಯಮೂರ್ತಿಯವರ ಮುಂದೆ ಹೋಯಿತು. 2011ರಲ್ಲಿ ಸುಪ್ರೀಂ ಕೋರ್ಟ್‌ವರೆಗೂ ತಲುಪಿತು. ಶಿಕ್ಷೆ ಎಷ್ಟೆಂಬ ಬಗ್ಗೆ ಭಿನ್ನಾಭಿಪ್ರಾಯ ಬಂದಿತೇ ಹೊರತು, ಆ ಬಾಲಕ ನುಡಿದ ಸಾಕ್ಷ್ಯವನ್ನು ಮೂರು ನ್ಯಾಯಾಲಯಗಳೂ ನಂಬಿದವು.